ವೆರೋನಾ ಗೆದ್ದ ವರ್ಷ

ಇಟಲಿಯ ಫುಟ್‌ಬಾಲ್ ಪಂದ್ಯದ ಸುದ್ದಿ ಪತ್ರಿಕೆಯಲ್ಲಿ ಬಂದರೆ ಅವರು ಮೊದಲು ನೋಡುತ್ತಿದ್ದುದು ಎಷ್ಟು ಗೋಲು ಎಂದಲ್ಲ, ರೆಫರಿ ಯಾರು ಎಂದು. ಕನ್ನಡಕವನ್ನು ಹಣೆಗೇರಿಸಿ, ಪುಟವನ್ನು ಮೂಗಿನ ಹತ್ತಿರ ತಂದು, ಸಣ್ಣ ಅಕ್ಷರದಲ್ಲಿರುತ್ತಿದ್ದ ಆ ಒಂದು ಹೆಸರನ್ನು ಹುಡುಕಿ ಬೆರಳಿಟ್ಟು, "ಹಾಂ, ಈ ಮಹಾನುಭಾವ" ಅನ್ನುತ್ತಿದ್ದರು. ಫಲಿತಾಂಶ ಏನಿರಬಹುದೆಂದು ತಾವೇ ಹೇಳಿ, ಆಮೇಲೆ ನೋಡುತ್ತಿದ್ದರು. ಹತ್ತರಲ್ಲಿ ಆರು ಸಲ ಸರಿಯಾಗುತ್ತಿತ್ತು. ತಪ್ಪಿದ ನಾಲ್ಕನ್ನು ಅವರು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರದನ್ನು ಬರೆದರೆ ನನ್ನದನ್ನೂ ಬರೆಯಬೇಕಾಗುತ್ತದೆ. ಅಷ್ಟು ಎದೆಗಾರಿಕೆ ನನಗಿಲ್ಲ.

ಧಾರವಾಡದವರು. ವಾಯವ್ಯ ಲಂಡನ್ನಿನ ಒಂದು ಸರಕಾರಿ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ಮೈಸೂರಿನಿಂದ ಬಂದ ನಾನು 1993ರಲ್ಲಿ ಅದೇ ವಿಭಾಗಕ್ಕೆ ಕಿರಿಯ ಡಾಕ್ಟರಾಗಿ ಸೇರುವ ಹೊತ್ತಿಗೆ ಅವರು ಅಲ್ಲಿ ಹತ್ತು ವರ್ಷಕ್ಕೂ ಮೇಲೆ ಸವೆಸಿದ್ದರು. ಎಲ್ಲರಿಗೂ ಮೇಲಿನ ಕನ್ಸಲ್ಟೆಂಟ್ ಅಲ್ಲ, ಕಲಿಯುವವರೂ ಅಲ್ಲ. ನಡುವೆ ಸ್ಟಾಫ್ ಗ್ರೇಡ್ ಎಂದೊಂದು ದರ್ಜೆ ಇತ್ತು. ಕನ್ಸಲ್ಟೆಂಟ್ ಮಾಡುವ ಕೆಲಸವನ್ನೆಲ್ಲ ಮಾಡಬೇಕು, ಬಾಗಿಲ ಮೇಲೆ ಹೆಸರು ಮಾತ್ರ ಇರುವುದಿಲ್ಲ. ಆ ದರ್ಜೆಗೆ ಹೋಗುತ್ತಿದ್ದವರು ಹೆಚ್ಚಾಗಿ ನಮ್ಮವರೇ. ಹೋದವರು ಅಲ್ಲೇ ಉಳಿಯುತ್ತಿದ್ದರು.

ಅವರ ಕೈ ಹೇಗಿತ್ತೆಂದು ಹೇಳದೆ ಮುಂದೆ ಹೋಗುವಂತಿಲ್ಲ. ನಾನು ಸೇರಿದ ಮೊದಲ ವಾರವೇ ಒಬ್ಬ ದಪ್ಪ ಕತ್ತಿನ ರೋಗಿಯ ಗಂಟಲಿಗೆ ಕೊಳವೆ ಇಳಿಸಲಾರದೆ ಬೆವೆತುಹೋದೆ. ಬೇರೆ ಯಾರಾದರೂ ಆಗಿದ್ದರೆ ನನ್ನನ್ನು ಪಕ್ಕಕ್ಕೆ ತಳ್ಳಿ ತಾವೇ ಹಾಕಿ, ಕಾಫಿ ರೂಮಿನಲ್ಲಿ ಒಂದು ತಿಂಗಳು ಆ ಕಥೆ ಹೇಳುತ್ತಿದ್ದರು. ಇವರು ನನ್ನ ಹಿಂದೆ ಬಂದು ನಿಂತು, ಮಾಸ್ಕ್ ತೆಗೆದುಕೊಂಡು ರೋಗಿಗೆ ಆಮ್ಲಜನಕ ಕೊಡುತ್ತ, ಮೆಲ್ಲಗೆ ಅಂದರು: "ಅವಸರ ಮಾಡಬ್ಯಾಡ ತಮ್ಮಾ. ಉಸಿರು ನಾ ಕೊಡ್ತಿರ್ತೀನಿ, ನೀ ದಾರಿ ಹುಡುಕು." ಮೂರನೆಯ ಸಲಕ್ಕೆ ದಾರಿ ಸಿಕ್ಕಿತು. ಅವರು ಆ ಸಂಗತಿಯನ್ನು ಯಾರ ಹತ್ತಿರವೂ ಎತ್ತಲಿಲ್ಲ.

ನಾನು ಪರೀಕ್ಷೆಗೆ ಓದುತ್ತಿದ್ದಾಗ ನನ್ನ ಡ್ಯೂಟಿಗಳನ್ನು ಅವರು ವಹಿಸಿಕೊಂಡರು. ಒಂದೆರಡಲ್ಲ, ಮೂರು ತಿಂಗಳ ಶನಿವಾರಗಳನ್ನೆಲ್ಲ. ನಾನು ಸಂಕೋಚಪಟ್ಟರೆ, ತಮಗೆ ಶನಿವಾರ ಮನೆಯಲ್ಲಿದ್ದರೆ ಹೆಂಡತಿ ತೋಟದ ಹುಲ್ಲು ಕತ್ತರಿಸಲು ಹಚ್ಚುತ್ತಾಳೆಂದೂ, ಆಸ್ಪತ್ರೆಯೇ ಆರಾಮೆಂದೂ ಹೇಳುತ್ತಿದ್ದರು. ನಾನು ಪಾಸಾದೆ, ಮುಂದಿನ ತರಬೇತಿಯ ಜಾಗವೂ ಸಿಕ್ಕಿತು. ಅವರು ಹಿಡಿದು ಕೊಟ್ಟ ಏಣಿ ಹತ್ತಿಯೇ ನಾನು ಅವರಿಗೆ ಸಮನಾದೆ.

ಅವರು ಶನಿವಾರ ಬೇಕಾದರೆ ಬಿಟ್ಟುಕೊಡುತ್ತಿದ್ದರು, ಭಾನುವಾರದ ಮಧ್ಯಾಹ್ನ ಬಿಡುತ್ತಿರಲಿಲ್ಲ. ಇಂಗ್ಲಿಷ್ ಲೀಗು ದುಡ್ಡು ಕೊಟ್ಟವರ ಡಿಶ್ ಟೀವಿಗೆ ಹೊರಟುಹೋದ ಮೇಲೆ, ಇಟಲಿಯ ಮೊದಲ ದರ್ಜೆಯ ಲೀಗಿನ ಆಟ ಪ್ರತಿ ಭಾನುವಾರ ಮಾಮೂಲಿ ಟೀವಿಯಲ್ಲಿ ಬಿಟ್ಟಿಯಾಗಿ ಬರುತ್ತಿತ್ತು. ಕ್ವೀನ್ಸ್‌ಬರಿಯ ಅವರ ಮನೆಯ ಮುಂದಿನ ಕೋಣೆಯಲ್ಲಿ ನಾವು ಮೂರು ನಾಲ್ಕು ಜನ ಸೇರುತ್ತಿದ್ದೆವು. ಅವರ ಹೆಂಡತಿ ಚುರುಮುರಿಯ ಗಿರಮಿಟ್ ಕಲಸಿ ತಟ್ಟೆ ತಟ್ಟೆ ಕೊಡುತ್ತ, ಈ ಮನುಷ್ಯ ಒಂದು ದಿನವೂ ಚೆಂಡು ಒದ್ದವರಲ್ಲ, ಕಾಲೇಜಿನಲ್ಲಿ ಕೇರಂ ಆಡಿ ಬೆರಳು ನೋಯಿಸಿಕೊಂಡವರು ಎಂದು ರೇಗಿಸುತ್ತಿದ್ದರು. ಅವರು ಅದಕ್ಕೆ ಕಿವಿಗೊಡದೆ ರೆಫರಿ ಮೈದಾನಕ್ಕೆ ಬರುವುದನ್ನು ಕಾಯುತ್ತಿದ್ದರು. ನಮಗೆ ಇಪ್ಪತ್ತೆರಡು ಜನ ಕಾಣುತ್ತಿದ್ದರೆ ಅವರಿಗೆ ಕಾಣುತ್ತಿದ್ದವನು ಒಬ್ಬನೇ.

"ಯಾರ್ ಗೆದ್ರು ಅಂತ ಆಮ್ಯಾಲ ಕೇಳು," ಅನ್ನುತ್ತಿದ್ದರು. "ಮೊದಲ, ಸೀಟಿ ಯಾರ ಬಾಯಾಗ ಇತ್ತು, ಅವನ್ನ ಅಲ್ಲಿಗೆ ಕಳಿಸಿದಾಂವ ಯಾರು, ಅದನ್ನ ಕೇಳು."

ಈ ಹುಚ್ಚು ಅವರಿಗೆ ಹತ್ತಿದ್ದು ಮೊದಲ ಬಾಡಿಗೆ ಮನೆಯಲ್ಲಂತೆ. ಕಿಂಗ್ಸ್‌ಬರಿಯಲ್ಲಿ ಕೆಫೆ ಇಟ್ಟುಕೊಂಡಿದ್ದ ಇಟಲಿಯ ಮುದುಕನೊಬ್ಬನ ಮಹಡಿಯ ಕೋಣೆಯಲ್ಲಿ ಅವರು ಮದುವೆಗೆ ಮುಂಚೆ ಮೂರು ವರ್ಷ ಇದ್ದರು. ಕಂದು ಬಣ್ಣದವರಿಗೆ ಕೋಣೆ ಕೊಡಲು ಜನ ಹಿಂದೆಮುಂದೆ ನೋಡುತ್ತಿದ್ದ ಕಾಲ. ಮುದುಕ ಏನೂ ಕೇಳದೆ ಬೀಗದ ಕೈ ಕೊಟ್ಟನಂತೆ, ಬದಲಿಗೆ ಸಂಜೆ ಕೂತು ತನ್ನ ಮಾತು ಕೇಳಬೇಕು, ಅಷ್ಟೆ. ಅವನು ಇಟಲಿಯಿಂದ ತರಿಸುತ್ತಿದ್ದ ಗುಲಾಬಿ ಬಣ್ಣದ ಕ್ರೀಡಾ ಪತ್ರಿಕೆ ಓದುತ್ತ ಓದುತ್ತ ಇವರಿಗೆ ಆ ಭಾಷೆಯೂ ಬಂತು. ಸಂತೆಯಲ್ಲಿ ವ್ಯವಹಾರ ಮಾಡುವಷ್ಟು ಬರುತ್ತದೆ ಎಂದು ಅವರೇ ಹೇಳುತ್ತಿದ್ದರು. ನಿಜವಾಗಿ ಅದಕ್ಕಿಂತ ಬಹಳ ಚೆನ್ನಾಗಿ ಬರುತ್ತಿತ್ತು.

ಮುದುಕನಿಂದ ಬಂದ ಚರಿತ್ರೆ ಅವರ ಬಾಯಲ್ಲಿ ಧಾರವಾಡದ ಕಥೆಯಾಗುತ್ತಿತ್ತು. 1949ರಲ್ಲಿ ತುರಿನ್ ಊರಿನ ತಂಡ ವಿಮಾನದಲ್ಲಿ ವಾಪಸಾಗುವಾಗ ಮಂಜಿನಲ್ಲಿ ಗುಡ್ಡಕ್ಕೆ ಬಡಿದು ತಂಡಕ್ಕೆ ತಂಡವೇ ಸತ್ತುಹೋಯಿತು. ಲೀಗಿನಲ್ಲಿ ಇನ್ನೂ ನಾಲ್ಕು ಪಂದ್ಯ ಬಾಕಿ. ಸತ್ತವರ ಬದಲು ಆ ಊರಿನವರು ಎಳೆಯರ ತಂಡವನ್ನು ಇಳಿಸಿದರು; ಎದುರಾಳಿಗಳೂ ತಮ್ಮ ದೊಡ್ಡ ಆಟಗಾರರನ್ನು ಕೂರಿಸಿ ಎಳೆಯರನ್ನೇ ಇಳಿಸಿದರು. ನಾಲ್ಕೂ ಕಡೆ ಯಾರೂ ಹೇಳಿಕೊಡದೆ ಜನ ಮರ್ಯಾದೆಯಿಂದ ನಡೆದುಕೊಂಡರು ನೋಡು ಎಂದು ನಮ್ಮ ಮುಖ ನೋಡುತ್ತಿದ್ದರು. ನಾವು ಗಿರಮಿಟ್ ತಿನ್ನುತ್ತಿದ್ದೆವು.

ಇನ್ನೊಂದು ಕಥೆ ವೆರೋನಾದ್ದು. ಇಟಲಿಯಲ್ಲಿ ಯಾವ ಪಂದ್ಯಕ್ಕೆ ಯಾವ ರೆಫರಿ ಎಂದು ಮೇಲೆ ಕೂತವರು ಆರಿಸಿ ಕಳಿಸುತ್ತಿದ್ದರು. 1984-85ರ ಒಂದೇ ಒಂದು ಋತುವಿನಲ್ಲಿ ಮಾತ್ರ, ಗೊಣಗಾಟ ಹೆಚ್ಚಾಯಿತೆಂದು, ಚೀಟಿ ಎತ್ತಿ ರೆಫರಿಗಳನ್ನು ಕಳಿಸಿದರು. ಆ ವರ್ಷ ತುರಿನ್ ಅಲ್ಲ, ಮಿಲಾನ್ ಅಲ್ಲ, ರೋಮ್ ಅಲ್ಲ, ವೆರೋನಾ ಎಂಬ ಸಣ್ಣ ಊರಿನ ತಂಡ ಲೀಗ್ ಗೆದ್ದಿತು. ಮೊದಲು ಗೆದ್ದಿರಲಿಲ್ಲ, ಆಮೇಲೂ ಗೆಲ್ಲಲಿಲ್ಲ. ಮರುವರ್ಷ ಚೀಟಿಯ ಪದ್ಧತಿಯನ್ನು ತೆಗೆದುಹಾಕಿದರು. ಆ ತಂಡ ನಿಜಕ್ಕೂ ಚೆನ್ನಾಗಿ ಆಡಿತ್ತು, ಚೀಟಿಗೂ ಗೆಲುವಿಗೂ ಗಂಟು ಹಾಕಬೇಡಿ ಎಂದು ನಾನು ವಾದಿಸುತ್ತಿದ್ದೆ. ಚೆನ್ನಾಗಿ ಆಡುವವರು ಎಲ್ಲ ವರ್ಷವೂ ಇರುತ್ತಾರೆ, ಅವರನ್ನು ಗೆಲ್ಲಲು ಬಿಡುವವರು ಒಂದೇ ವರ್ಷ ಇದ್ದರು ಎಂಬುದು ಅವರ ಉತ್ತರ.

ಕಥೆ ಹೇಳಿ ಸುಮ್ಮನಿದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಅವರು ಅದನ್ನು ಆಸ್ಪತ್ರೆಗೆ ತಂದರು. ನಮ್ಮ ವಿಭಾಗದಲ್ಲಿ ಕ್ರಿಸ್‌ಮಸ್ ವಾರದ ಡ್ಯೂಟಿಯನ್ನು ಮುಖ್ಯಸ್ಥರು ಹಂಚುತ್ತಿದ್ದರು. ಬಹಳ ಸಭ್ಯ ಇಂಗ್ಲಿಷ್ ಮನುಷ್ಯ. ನಿಮಗೆ ಹೇಗೂ ಆ ಹಬ್ಬವಿಲ್ಲವಲ್ಲ ಎಂದು ನಗುತ್ತ ಪ್ರತಿ ವರ್ಷ ನಮ್ಮವರ ಹೆಸರನ್ನೇ ಬರೆಯುತ್ತಿದ್ದರು. ದೀಪಾವಳಿಗೆ ಕೇಳಿದರೆ, ಅದು ಕ್ಯಾಲೆಂಡರಿನಲ್ಲಿ ಎಲ್ಲಿದೆ ಎಂದು ಅಷ್ಟೇ ಸಭ್ಯವಾಗಿ ಕೇಳುತ್ತಿದ್ದರು. ನಾವೆಲ್ಲ ಬಾಯಿ ಮುಚ್ಚಿಕೊಂಡಿದ್ದೆವು. ಇವರು ಒಂದು ವರ್ಷ ಮನೆಯಿಂದ ಅವಲಕ್ಕಿಯ ಸ್ಟೀಲ್ ಡಬ್ಬಿ ತಂದು, ವಿಭಾಗದ ಸಭೆಯ ಮೇಜಿನ ಮೇಲಿಟ್ಟು, ಎಲ್ಲರ ಹೆಸರಿನ ಚೀಟಿ ಹಾಕೋಣ, ಬಂದವರಿಗೆ ಬಂತು ಎಂದರು. ಎಲ್ಲರ ಎದುರಿಗೆ ಬೇಡವೆನ್ನಲು ಯಾರಿಗೂ ಬಾಯಿ ಬರಲಿಲ್ಲ. ಮೊದಲ ಚೀಟಿಯೇ ಮುಖ್ಯಸ್ಥರ ಗಾಲ್ಫ್ ಗೆಳೆಯನದು.

ಮೂರು ವರ್ಷ ಆ ಡಬ್ಬಿ ನಡೆಯಿತು. ಇವರು ಅದನ್ನು ಮನೆಯಲ್ಲೂ ಬಿಡಲಿಲ್ಲ. ಪಾತ್ರೆ ಯಾರು ತೊಳೆಯಬೇಕು ಎಂಬುದಕ್ಕೂ ಚೀಟಿ. ಹೈಸ್ಕೂಲಿನಲ್ಲಿದ್ದ ಮಗಳು, ಚೀಟಿಯಲ್ಲಿ ಬಂದ ಮಾತ್ರಕ್ಕೆ ಅದು ನ್ಯಾಯ ಆಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಜಗಳ ತೆಗೆಯುತ್ತಿದ್ದಳು. ಇವರು ಕನ್ನಡದಲ್ಲಿ, ಆರಿಸಿ ಹೇಳಿದ ಮಾತ್ರಕ್ಕೆ ಆಗುತ್ತದೇನು ಎಂದು ಕೇಳುತ್ತಿದ್ದರು. ನಾವು ನಗುತ್ತಿದ್ದೆವು. ಒಳ್ಳೆಯ ಮನೆ ಅದು.

1998ರಲ್ಲಿ ನಮ್ಮ ವಿಭಾಗದಲ್ಲಿ ಒಂದು ಕನ್ಸಲ್ಟೆಂಟ್ ಹುದ್ದೆ ಖಾಲಿಯಾಯಿತು. ಎರಡು ವರ್ಷದಿಂದ ಆ ಹುದ್ದೆಯ ಕೆಲಸವನ್ನು ಹಂಗಾಮಿಯಾಗಿ ಮಾಡುತ್ತಿದ್ದವರು ಇವರೇ. ಬಹಳ ಒದ್ದಾಡಿ, ಹಳೆಯ ಕಾಗದಗಳನ್ನೆಲ್ಲ ಹುಬ್ಬಳ್ಳಿಯಿಂದ ತರಿಸಿ, ತಜ್ಞರ ಪಟ್ಟಿಯಲ್ಲಿ ಹೆಸರು ಸೇರಿಸಿಕೊಂಡಿದ್ದರು. ವಯಸ್ಸು ಐವತ್ತು ದಾಟಿತ್ತು; ಇದು ತಪ್ಪಿದರೆ ಇನ್ನಿಲ್ಲ ಎಂದು ಅವರಿಗೂ ಗೊತ್ತು, ನಮಗೂ ಗೊತ್ತು. ಅರ್ಜಿ ಹಾಕಿದರು. ನಾನೂ ಹಾಕಿದೆ. ಹಾಕುವ ಮುಂಚೆ ಅವರನ್ನು ಕೇಳಿದಾಗ, "ಹಾಕಲೇ, ಹಾಕು. ಇಬ್ಬರಾಗ ಯಾರಿಗೆ ಬಂದ್ರೂ ಮನ್ಯಾಗ ಬಂದಂಗ" ಎಂದು ಬೆನ್ನು ತಟ್ಟಿದ್ದರು.

ಆ ವಸಂತದಲ್ಲೇ ಒಂದು ಭಾನುವಾರ ತುರಿನ್‌ನಲ್ಲಿ ಲೀಗಿನ ಪಟ್ಟ ತೀರ್ಮಾನವಾಗುವ ಪಂದ್ಯ. ಬ್ರೆಜಿಲಿನ ಆಟಗಾರನೊಬ್ಬ ಗೋಲಿನ ಮುಂದೆ ಎದುರಾಳಿಯ ಡಿಕ್ಕಿ ತಿಂದು ಬಿದ್ದ, ರೆಫರಿ ಊದಲಿಲ್ಲ. ಚೆಂಡು ಆ ತುದಿಗೆ ಹೋಯಿತು, ಅಲ್ಲಿ ಊದಿ ಪೆನಾಲ್ಟಿ ಕೊಟ್ಟ. ಅದು ಗೋಲಾಗಲಿಲ್ಲ, ಆ ಮಾತು ಬೇರೆ. ನಾವೆಲ್ಲ ಹೋ ಎಂದು ಎದ್ದೆವು. ಇವರು ಮಾತ್ರ ಕೂತಲ್ಲೇ ಟೀವಿಯ ಧ್ವನಿ ನಿಲ್ಲಿಸಿ, ಈ ಕಣ್ಣು ತಪ್ಪು ಮಾಡಿದ್ದಲ್ಲ, ಈ ಕಣ್ಣನ್ನು ಆರಿಸಿದ ಕೈಯನ್ನು ನೋಡಬೇಕು ಎಂದರು. ಅವರದು ಅತಿಯಾಯಿತು, ಎಲ್ಲದರಲ್ಲೂ ಸಂಚು ಕಾಣುತ್ತದೆ ಎಂದು ನನಗೆ ಸಿಟ್ಟೇ ಬಂದಿತ್ತು.

ಸಿಟ್ಟು ಬರಲು ಕಾರಣವಿತ್ತು. ಹಿಂದಿನ ದಿನ ಬೆಳಿಗ್ಗೆ ನಾನು ಒಂದು ಫೋನ್ ಮಾಡಿದ್ದೆ.

ಇಂಥ ಹುದ್ದೆಯ ಸಂದರ್ಶನಕ್ಕೆ ಹೊರಗಿನಿಂದ ಒಬ್ಬ ತಜ್ಞರು ಬರುತ್ತಾರೆ. ಆ ಸಲ ಬರಲಿದ್ದವರು ಇಲ್ಲೇ ಇನ್ನೊಂದು ಆಸ್ಪತ್ರೆಯಲ್ಲಿದ್ದ ಮೈಸೂರಿನವರು. ಸರಸ್ವತಿಪುರಂನಲ್ಲಿ ನಮ್ಮ ಮನೆಗೆ ಎರಡು ಮನೆ ಆಚೆ ಅವರ ಮನೆ. ಅವರಿಗೆ ಪಿಯುಸಿಯಲ್ಲಿ ಗಣಿತ ಹೇಳಿಕೊಟ್ಟವರು ನನ್ನ ತಂದೆ. ಅರ್ಜಿಯ ಕೊನೆಯಲ್ಲಿ, ಸಮಿತಿಯವರನ್ನು ಯಾವ ರೀತಿಯಲ್ಲಾದರೂ ಸಂಪರ್ಕಿಸಿ ಹೇಳಿಸಿದರೆ ಅರ್ಜಿ ರದ್ದು ಎಂದು ಅಚ್ಚಾಗಿತ್ತು. ನಾನು ಓದಿ ಸಹಿ ಹಾಕಿದ್ದೆ. ಆದರೆ ಊರಿನ ಹಿರಿಯರಿಗೆ ಒಂದು ಮಾತು ಹೇಳುವುದು ನಮ್ಮಲ್ಲಿ ಹೇಳಿಸುವುದು ಅಲ್ಲವಲ್ಲ! ಅದು ಮರ್ಯಾದೆ. ಹೇಳದಿದ್ದರೇ ಅವರಿಗೆ ಬೇಜಾರಾಗುತ್ತದೆ. ಹೀಗೆಲ್ಲ ನನಗೆ ನಾನೇ ಬೆಣ್ಣೆ ಹಚ್ಚಿಕೊಂಡು, ಹ್ಯಾರೋದ ನನ್ನ ಮನೆಯ ಮೆಟ್ಟಿಲ ಮೇಲೆ ಕೂತು ನಂಬರು ಒತ್ತಿದೆ.

ಹುದ್ದೆಯ ಮಾತನ್ನೇ ನಾನು ಎತ್ತಲಿಲ್ಲ. ಸುಮ್ಮನೆ ಮಾಡಿದೆ ಸರ್ ಎಂದೆ. ಅವರು ಅಮ್ಮನ ಮಂಡಿನೋವು ವಿಚಾರಿಸಿದರು, ಯುಗಾದಿಯ ಊಟಕ್ಕೆ ಕನ್ನಡ ಸಂಘಕ್ಕೆ ಬರಲಾಗಲಿಲ್ಲ ಎಂದರು. ಕೊನೆಗೆ ಅವರೇ, ನಿಮ್ಮಲ್ಲಿ ಧಾರವಾಡದವರು ಒಬ್ಬರು ಇದ್ದಾರಲ್ಲ, ಹೇಗೆ ಮನುಷ್ಯ ಎಂದು ಕೇಳಿದರು.

"ಕೆಲಸದಲ್ಲಿ ಅವರ ಸಮ ಯಾರೂ ಇಲ್ಲ ಸರ್," ಎಂದೆ. "ಆದರೆ ಸ್ವಲ್ಪ ಹಟ. ಇಲ್ಲಿನವರ ಜೊತೆ ಅಷ್ಟು ಆಗಿಬರೋದಿಲ್ಲ."

"ಹಾಗೋ," ಎಂದರು ಅವರು. ಅಷ್ಟೇ. ಆಮೇಲೆ ಮತ್ತೆ ಮಂಡಿನೋವಿಗೆ ಯಾವ ಎಣ್ಣೆ ಒಳ್ಳೆಯದು ಎಂಬ ಮಾತು ಬಂತು. ಫೋನ್ ಇಟ್ಟಾಗ ನನಗೆ ಏನೂ ಅನಿಸಲಿಲ್ಲ, ಹಗುರವಾಗಿಯೇ ಇದ್ದೆ.

ಸಂದರ್ಶನದಲ್ಲಿ ಧಾರವಾಡದವರನ್ನು ಕೇಳಿದ ಒಂದು ಪ್ರಶ್ನೆ, ಸಹೋದ್ಯೋಗಿಗಳ ನಡುವೆ ಕೆಲಸದ ಹಂಚಿಕೆಗೆ ತಕರಾರು ಬಂದರೆ ಏನು ಮಾಡುತ್ತೀರಿ ಎಂಬುದು. ಬೇರೆ ಯಾರಾದರೂ ಮಾತುಕತೆ, ಸಹಮತ ಎಂದು ಎರಡು ವಾಕ್ಯ ಒದರಿ ಮುಗಿಸುತ್ತಿದ್ದರು. ಇವರು ಡಬ್ಬಿಯ ಕಥೆ ಹೇಳಿ, ಡಬ್ಬಿ ಎಲ್ಲಿಂದ ಬಂತೆಂದು ವೆರೋನಾ ಗೆದ್ದ ವರ್ಷದ ಕಥೆಯನ್ನೂ ಹೇಳಿಬಂದರು. ಸಂಜೆ ಹುದ್ದೆ ನನಗೆ ಬಂತೆಂದು ತಿಳಿಯಿತು. ಮರುದಿನ ಅವರು ಕಾಫಿ ರೂಮಿನಲ್ಲಿ ಎಲ್ಲರ ಎದುರು ನನ್ನನ್ನು ಅಪ್ಪಿಕೊಂಡು, ಇನ್ನು ಮೇಲೆ ಇವರನ್ನು ಹೆಸರು ಹಿಡಿದು ಕರೆಯಬೇಡಿ ಎಂದು ನರ್ಸುಗಳಿಗೆ ತಾಕೀತು ಮಾಡಿದರು. ಅವರ ಹೆಂಡತಿ ಹ್ಯಾರೋಗೆ ಬಂದು ನನ್ನ ಹೆಂಡತಿಗೆ ಉಡಿ ತುಂಬಿದರು.

ಅಲ್ಲಿಂದ ಎಂಟು ವರ್ಷ ಅವರನ್ನು ಒಂದೇ ಮಾತು ಕೊರೆಯಿತು. ಕಾರಿನಲ್ಲಿ ಹೋಗುವಾಗ, ಆಪರೇಷನ್ ನಡುವೆ ಮಾನಿಟರ್ ನೋಡುತ್ತ ಕೂತಾಗ, ಇದ್ದಕ್ಕಿದ್ದಂತೆ ಕೇಳುತ್ತಿದ್ದರು: "ಆ ವೆರೋನಾ ಮಾತು ತಗೀಬಾರದಿತ್ತೇನೋ ನಾ? ಅದಕ್ಕ ಹೋತೇನು?"

ನಾನು ಏನು ಹೇಳುತ್ತಿದ್ದೆ ಗೊತ್ತೆ? ಹೌದು ಸರ್, ಅದೊಂದು ಆಡಬಾರದಿತ್ತು ಎನ್ನುತ್ತಿದ್ದೆ. ಒಮ್ಮೆ ಅಲ್ಲ, ಕೇಳಿದಾಗಲೆಲ್ಲ. ಸಂದರ್ಶನದ ಮುಂದಿನ ತಿಂಗಳು ಮೈಸೂರಿನ ಆ ಹಿರಿಯರು ಒಂದು ಮದುವೆಯಲ್ಲಿ ಸಿಕ್ಕಿ, ನಿಮ್ಮ ಧಾರವಾಡದವರ ಚೀಟಿಯ ಉತ್ತರ ಸಮಿತಿಗೆ ತುಂಬ ಹಿಡಿಸಿತ್ತು, ಆದರೆ ಹೊಂದಿಕೊಂಡು ಹೋಗುವವರು ಬೇಕಿತ್ತು ನೋಡಿ ಎಂದು ನಗುತ್ತ ಹೇಳಿದ್ದರು. ಅದು ನನ್ನ ಕಿವಿಯಲ್ಲಿರುವಾಗಲೇ ನಾನು ಅವರಿಗೆ ಈ ಉತ್ತರ ಕೊಡುತ್ತಿದ್ದೆ. ಅವರು ತಮ್ಮ ನಾಲಿಗೆಯನ್ನು ತಾವೇ ಶಪಿಸಿಕೊಂಡು ತಲೆಯಾಡಿಸುತ್ತಿದ್ದರು. ಅಷ್ಟು ವರ್ಷ ತಮ್ಮದೇ ತಪ್ಪು ಎಂದುಕೊಂಡು ಅವರು ಸವೆದರು, ನಾನು ಪಕ್ಕದಲ್ಲೇ ಕೂತು ನೋಡಿದೆ.

ಡಬ್ಬಿ ಮತ್ತೆ ಸಭೆಗೆ ಬರಲಿಲ್ಲ. ತಂದಿದ್ದೇ ಅಪಶಕುನ ಎನ್ನುವಂತೆ ಅವರೇ ಅದನ್ನು ನಿಲ್ಲಿಸಿದರು. ಡ್ಯೂಟಿ ಹಂಚುವ ಕೆಲಸ ಎರಡೇ ವರ್ಷದಲ್ಲಿ ನನ್ನ ಕೈಗೆ ಬಂತು. ಕ್ರಿಸ್‌ಮಸ್ ದಿನಕ್ಕೆ ನಾನು ಅವರ ಹೆಸರನ್ನೇ ಬರೆಯುತ್ತಿದ್ದೆ. ಬೇರೆಯವರ ಹೆಸರು ಬರೆದರೆ ಎದುರು ಮಾತು ಬರುತ್ತಿತ್ತು, ಇವರು ಏನೂ ಅನ್ನುತ್ತಿರಲಿಲ್ಲ. ದೀಪಾವಳಿಯ ದಿನಕ್ಕೂ ಎರಡು ಸಲ ಬರೆದಿದ್ದೇನೆ. ನೋಟಿಸ್ ಬೋರ್ಡಿನಲ್ಲಿ ನೋಡಿ, ಸರಿ ಎಂದು ಡೈರಿಯಲ್ಲಿ ಗುರುತು ಹಾಕಿಕೊಂಡು ಹೋಗುತ್ತಿದ್ದರು. ನಾನು ಸಭ್ಯನಾಗಿ ನಗುತ್ತಿದ್ದೆ, ಹಳೆಯ ಮುಖ್ಯಸ್ಥರಿಗಿಂತ ಚೆನ್ನಾಗಿ.

ಬಿಟ್ಟಿ ಟೀವಿಯಿಂದ ಇಟಲಿಯ ಆಟ ಹೊರಟುಹೋಯಿತು. ಭಾನುವಾರಗಳು ನಿಂತವು. ಅವರು ನಿವೃತ್ತಿಯ ಹತ್ತಿರ ಬಂದರು.

2006ರ ಬೇಸಿಗೆಯಲ್ಲಿ ಇಟಲಿ ವಿಶ್ವಕಪ್ ಗೆದ್ದ ಮುಂದಿನ ವಾರವೇ ಅಲ್ಲಿನ ತೀರ್ಪು ಬಂತು. ತುರಿನ್‌ನ ಆ ವಿಮಾನದ ತಂಡವಲ್ಲ, ಅಲ್ಲಿಯ ಇನ್ನೊಂದು ದೊಡ್ಡ ತಂಡದವರು ರೆಫರಿಗಳನ್ನು ಆರಿಸುವವರ ಜೊತೆ ಫೋನಿನಲ್ಲಿ ಆಡಿದ ಮಾತುಗಳೆಲ್ಲ ಪತ್ರಿಕೆಯಲ್ಲಿ ಅಚ್ಚಾಗಿದ್ದವು. ಆ ತಂಡದ ಎರಡು ವರ್ಷದ ಪಟ್ಟ ಕಿತ್ತುಕೊಂಡು ಕೆಳಗಿನ ದರ್ಜೆಗೆ ತಳ್ಳಿದರು. ಅವರು ನನಗೆ ಫೋನ್ ಮಾಡಿ ಭಾನುವಾರ ಬಾ ಎಂದರು. ಬಹಳ ವರ್ಷದ ಮೇಲೆ ಅವರ ಧ್ವನಿಯಲ್ಲಿ ಆ ಹಳೆಯ ಬಿಸಿ ಇತ್ತು. ಹೋದರೆ, ಕೋಣೆಯ ತುಂಬ ಗುಲಾಬಿ ಪತ್ರಿಕೆಗಳು. ಫೋನಿನ ಮಾತುಗಳನ್ನು ಒಂದೊಂದಾಗಿ ಓದಿ ಕನ್ನಡದಲ್ಲಿ ಹೇಳತೊಡಗಿದರು. ಅವರು ಗೆದ್ದವರ ಮುಖ ಮಾಡಿಕೊಂಡಿರುತ್ತಾರೆ ಎಂದುಕೊಂಡಿದ್ದೆ. ಅವರ ಮುಖದಲ್ಲಿ ಇದ್ದದ್ದು ಸುಸ್ತು.

"ಓದಿದ್ರ ಏನೂ ಇಲ್ಲ ನೋಡು ಇದರಾಗ," ಎಂದರು. "ಆರಾಮ ಇದ್ದಿಯೇನು, ಊಟ ಆತೇನು. ನಡುವ ಒಂದು ಮಾತು. ಅಷ್ಟಕ್ಕ ಒಬ್ಬನ ಇಡೀ ವರ್ಷದ ದುಡಿಮಿ ಹೋಗಿಬಿಡ್ತದ."

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅಂಥ ಧೈರ್ಯ ಎಲ್ಲಿಂದ ಬಂತೋ, ಮೆಟ್ಟಿಲ ಮೇಲೆ ಕೂತು ಮಾಡಿದ ಫೋನನ್ನು ಹೇಳಿಬಿಟ್ಟೆ. ಹಟ ಎಂದದ್ದನ್ನೂ, ಆಗಿಬರುವುದಿಲ್ಲ ಎಂದದ್ದನ್ನೂ. ಅವರು ಬೈಯಲಿಲ್ಲ. ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟು ಒತ್ತಿದರು.

"ಅಂದ್ರ, ಆ ವೆರೋನಾ ಮಾತಿಗೆ ಹೋಗಿದ್ದಲ್ಲ ಅದು?"

"ಅಲ್ಲ ಸರ್. ಆ ಉತ್ತರ ಅವರಿಗೆ ಹಿಡಿಸಿತ್ತಂತೆ."

"ನಿನಗ ಇದು ಗೊತ್ತಿತ್ತು?"

"ಗೊತ್ತಿತ್ತು ಸರ್."

ಅವರು ಒಳಗೆ ಕೂಗಿ ಹೆಂಡತಿಯನ್ನು ಕರೆದರು. ಆಕೆ ಕೈ ಒರೆಸಿಕೊಳ್ಳುತ್ತ ಬಂದರು. "ಕೇಳಿಲ್ಲಿ," ಎಂದರು, "ಅವತ್ತ ಇಂಟರ್‌ವ್ಯೂದಾಗ ನಾ ತಪ್ಪು ಹೇಳಿರಲಿಲ್ಲಂತ. ಚೊಲೋ ಅನಿಸಿತ್ತಂತ ಅವರಿಗೆ. ಇವರು ಹೇಳಲಿಕ್ಕೆ ಬಂದಾರ." ಅದಕ್ಕಿಂತ ಹೆಚ್ಚಿಗೆ ಒಂದಕ್ಷರ ಹೇಳಲಿಲ್ಲ. ಆಕೆ ನನಗೆ ಕೈ ಮುಗಿದರು. ಎಂಟು ವರ್ಷದಿಂದ ಈ ಮನುಷ್ಯ ನಿದ್ದೆಯಲ್ಲೂ ಆ ಉತ್ತರವನ್ನೇ ತಿದ್ದುತ್ತಿದ್ದಾರೆ ಎಂದು ಹೇಳಿ, ಕಣ್ಣು ಒರೆಸಿಕೊಂಡು ಚಹಾ ತರಲು ಹೋದರು.

ಆಕೆ ಹೋದ ಮೇಲೆ ಅವರು ನನ್ನ ಕಡೆ ತಿರುಗಿದರು. "ಇದನ್ನ ಬರದು ಕೊಡ್ತಿಯೇನು?"

"ಯಾರಿಗೆ ಸರ್?"

"ಯಾರಿಗೂ ಅಲ್ಲೋ. ನನಗ. ಒಂದು ಹಾಳಿ. ನನ್ನ ಹತ್ರ ಇರ್ಲಿ."

ಒಂದು ಹಾಳೆ. ಅದೇ ಹುದ್ದೆಯಿಂದ ಮೇಲೇರಿ ನಾನು ಆಗ ವಿಭಾಗದ ಮುಖ್ಯಸ್ಥ. ಹಾಳೆ ಎಲ್ಲಿಗೆ ಬೇಕಾದರೂ ಹೋಗಬಹುದು, ಸಹಿಯಿರುತ್ತದೆ, ಹೇಳಿಸುವುದಿಲ್ಲವೆಂದು ಸಹಿ ಹಾಕಿದ್ದ ಅರ್ಜಿ ಇನ್ನೂ ಯಾವುದೋ ಕಪಾಟಿನಲ್ಲಿದೆ. ಅವರು ಅಂಥವರಲ್ಲ ಎಂದು ನನಗಿಂತ ಚೆನ್ನಾಗಿ ತಿಳಿದವರು ಇರಲಿಲ್ಲ. ಆದರೂ ಬಾಯಿಂದ ಬಂದದ್ದು, ನೋಡೋಣ ಸರ್, ಕಳಿಸ್ತೀನಿ ಎಂದು. ಅವರು ತಲೆಯಾಡಿಸಿದರು. ಚಹಾ ಬಂತು, ಕುಡಿದೆವು.

ನಾನು ಬರೆಯಲಿಲ್ಲ. ಎರಡು ಸಲ ಕೂತೆ, ತಾರೀಖು ಹಾಕಿ ಎದ್ದೆ. ಆ ವರ್ಷದ ಕೊನೆಗೆ ಅವರು ನಿವೃತ್ತರಾದರು; ಬೀಳ್ಕೊಡುಗೆಯ ಭಾಷಣ ನಾನೇ ಮಾಡಿದೆ. ಆಮೇಲೆ ಕ್ವೀನ್ಸ್‌ಬರಿಯ ಕಡೆಗೆ ಹೋಗುವುದನ್ನೇ ಬಿಟ್ಟೆ. ದಿನಸಿಗೆ ಬೇರೆ ಅಂಗಡಿ ಹುಡುಕಿಕೊಂಡೆ. ಅವರು ವರ್ಷಕ್ಕೊಮ್ಮೆ ಯುಗಾದಿಗೆ ಫೋನ್ ಮಾಡುತ್ತಿದ್ದರು. ಹಾಳೆಯ ಮಾತನ್ನು ಒಮ್ಮೆಯೂ ಎತ್ತಲಿಲ್ಲ.

ಹೋದ ಚಳಿಗಾಲ ಅವರು ತೀರಿಹೋದರು. ಹೃದಯ. ಶವಸಂಸ್ಕಾರದ ಹಾಲಿನಲ್ಲಿ ಆಸ್ಪತ್ರೆಯವರು, ಸಂಘದವರು, ಐವತ್ತರವತ್ತು ಜನ. ಅವರ ಹೆಂಡತಿ ನನ್ನನ್ನು ಹುಡುಕಿಕೊಂಡು ಮುಂದಿನ ಸಾಲಿಗೆ ಕರೆದುಕೊಂಡು ಹೋದರು. "ನೀವ ನಾಲ್ಕು ಮಾತು ಹೇಳ್ರಿ," ಎಂದರು. "ಅವತ್ತ ನೀವು ಬಂದು ಹೇಳಿದ ಮ್ಯಾಲ ಅವರು ಸುಖದಿಂದ ನಿದ್ದಿ ಮಾಡಿದ್ರು. ನಿಮ್ಮ ಋಣ ನಮ್ಮ ಮ್ಯಾಲ ಅದ."

ಎದ್ದು ಹೋಗಿ ಐದು ನಿಮಿಷ ಮಾತಾಡಿದೆ. ಅವರ ಕೈಯ ಬಗ್ಗೆ, ಕಲಿಸುತ್ತಿದ್ದ ರೀತಿಯ ಬಗ್ಗೆ, ಇಟಲಿಯ ಹುಚ್ಚಿನ ಬಗ್ಗೆ. ನಗಬೇಕಾದಲ್ಲಿ ಜನ ನಕ್ಕರು. ಹೊರಗೆ ಬಂದ ಮೇಲೆ ನಾಲ್ಕಾರು ಜನ ಕೈ ಕುಲುಕಿ ಬಹಳ ಚೆನ್ನಾಗಿ ಮಾತಾಡಿದಿರಿ ಎಂದರು.

ಕಾರಿನ ಹತ್ತಿರ ಮಗಳು ಬಂದಳು. ಈಗ ಅವಳೂ ಕೆಲಸದಲ್ಲಿದ್ದಾಳೆ. ಡ್ಯಾಡಿ ನಿಮ್ಮಿಂದ ಯಾವುದೋ ಕಾಗದ ಬರುತ್ತದೆಂದು ಕಾಯುತ್ತಿದ್ದರು, ಬೆಳಿಗ್ಗೆ ಅಂಚೆ ಬಿದ್ದ ಸದ್ದಾದರೆ ತಾವೇ ಎದ್ದು ಹೋಗಿ ನೋಡುತ್ತಿದ್ದರು, ಏನದು ಎಂದರೆ ಹೇಳುತ್ತಿರಲಿಲ್ಲ, ನೀವು ಅದನ್ನು ಕಳಿಸಿದಿರ ಅಂಕಲ್ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಕಳಿಸಿದ್ದೆ, ಅಂಚೆಯಲ್ಲಿ ಎಲ್ಲೋ ಕಳೆದುಹೋಗಿರಬೇಕು ಎಂದೆ.